ಕಂಪ್ಯೂಟರಿಗೆ ವಯಸ್ಸಾಯಿತು ಎನ್ನುವ ಮುನ್ನ

ಐದಾರು ವರ್ಷ ದುಡಿದ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದು ಸಿಗುತ್ತದೆ: ‘ಫಾರ್ಮ್ಯಾಟ್ ಮಾಡ್ಬೇಕು’, ಇಲ್ಲವೇ ‘ಹಳೇದಾಯ್ತು ಸರ್, ಹೊಸದು ತಗೊಂಬಿಡಿ’. ಮನೆಯವರೂ ಅಷ್ಟರಲ್ಲಿ ಅದೇ ತೀರ್ಮಾನಕ್ಕೆ ಬಂದಿರುತ್ತಾರೆ. ಸ್ವಿಚ್ ಒತ್ತಿ, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ತೆರೆ ಸಿದ್ಧವಾಗಿಲ್ಲವೆಂದರೆ ಯಂತ್ರಕ್ಕೆ ವಯಸ್ಸಾಗಿದೆ ಅನ್ನಿಸುವುದು ಸಹಜ. ಆದರೆ ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆಗೆ ಆ ಬಗೆಯ ಮುಪ್ಪಿಲ್ಲ. ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುವಂತೆ ತಯಾರಾದ ಚಿಪ್ಪು ಮನೆಬಳಕೆಯ ಹತ್ತು ವರ್ಷದ ಮೇಲೂ ಅದೇ ಲೆಕ್ಕದಲ್ಲಿ ಮಿಡಿಯಬಲ್ಲದು. ಎರಡು ಸಂಖ್ಯೆಗಳನ್ನು ಕೂಡಲು ಅಂದು ಹಿಡಿದಷ್ಟೇ ಹೊತ್ತು ಇಂದೂ ಹಿಡಿಯುತ್ತದೆ. ಹಾಗಾದರೆ ನಿಧಾನ ಎಲ್ಲಿಂದ ಬಂತು?

ಬಹಳಷ್ಟು ಸಲ ‘ಸ್ಲೋ’ ಆದ ಕಂಪ್ಯೂಟರ್ ಏನನ್ನೋ ಕಾಯುತ್ತಿರುತ್ತದೆ. ಒಳಗಿನ ಬಿಸಿ ಹೊರಗೆ ಹೋಗಲಿ ಎಂದೋ, ಡಿಸ್ಕು ಕೇಳಿದ್ದನ್ನು ತಂದುಕೊಡಲಿ ಎಂದೋ, ಮೆಮೊರಿಯಲ್ಲಿ ಜಾಗ ತೆರವಾಗಲಿ ಎಂದೋ ಕಾಯುತ್ತದೆ. ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿರುವುದೂ ನಿಜ. ಆದರೂ ಮನೆಯಲ್ಲಿ ಪತ್ರ ಬರೆಯಲು, ಬಿಲ್ಲು ಕಟ್ಟಲು, ಮಕ್ಕಳ ಪಾಠ ನೋಡಲು ಬಳಸುವ ಯಂತ್ರ ಎಲ್ಲಿ ಕಾಯುತ್ತಿದೆ ಎಂದು ಪತ್ತೆ ಹಚ್ಚಿ ಅಲ್ಲಿ ಕೈಹಾಕಿದರೆ ಇನ್ನೂ ನಾಲ್ಕಾರು ವರ್ಷ ಚೆನ್ನಾಗಿ ನಡೆಯುತ್ತದೆ.

ಮೊದಲು ಬಿಸಿಯನ್ನೇ ನೋಡೋಣ. ಪ್ರೊಸೆಸರ್ ಎಳೆದುಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಬದಲಾಗುತ್ತದೆ. ಡೆಸ್ಕ್‌ಟಾಪ್ ಪ್ರೊಸೆಸರ್ ದುಡಿಯುವಾಗ 65 ವ್ಯಾಟ್ ಎಳೆಯುವುದು ಮಾಮೂಲು. ಇಷ್ಟು ಶಾಖ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಬಿಲ್ಲೆಯಿಂದ ಹೊಮ್ಮಬೇಕು. ಅದಕ್ಕೆಂದೇ ಬಿಲ್ಲೆಯ ಮೇಲೆ ಅಲ್ಯೂಮಿನಿಯಂ ಅಥವಾ ತಾಮ್ರದ ತೆಳು ರೆಕ್ಕೆಗಳ ಹೀಟ್ ಸಿಂಕ್, ಅದರ ಮೇಲೊಂದು ಫ್ಯಾನು. ಲೋಹ ಶಾಖವನ್ನು ಬಿಲ್ಲೆಯಿಂದ ಹೀರಿ ರೆಕ್ಕೆಗಳಿಗೆ ಹರಡುತ್ತದೆ, ಫ್ಯಾನಿನ ಗಾಳಿ ಅದನ್ನು ಹೊರಗೆ ಒಯ್ಯುತ್ತದೆ. ಅಲ್ಯೂಮಿನಿಯಂ ಶಾಖವನ್ನು ಗಾಳಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಹಾಗಾಗಿ ಬಿಲ್ಲೆಗೂ ಲೋಹಕ್ಕೂ ನಡುವೆ ಕೂದಲೆಳೆಗಿಂತ ತೆಳುವಾದ ಗಾಳಿಯ ಪದರ ಉಳಿದರೂ ಸಾಗಾಟ ಅಲ್ಲೇ ನಿಲ್ಲುತ್ತದೆ. ಆ ಸಂದು ತುಂಬಲೆಂದು ಬೂದು ಬಣ್ಣದ ಥರ್ಮಲ್ ಪೇಸ್ಟ್ ಸವರಿರುತ್ತಾರೆ. ಕೆಲವು ವರ್ಷಗಳಲ್ಲಿ ಅದು ಒಣಗಿ ಬಿರುಕು ಬಿಡುತ್ತದೆ. ಇತ್ತ ರೆಕ್ಕೆಗಳ ನಡುವೆ ಧೂಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಫ್ಯಾನು ಎಷ್ಟೇ ತಿರುಗಿದರೂ ಗಾಳಿ ಒಳಗೆ ನುಗ್ಗುವುದಿಲ್ಲ.

ಪ್ರೊಸೆಸರ್ ಸುಟ್ಟುಹೋಗದಂತೆ ಅದರೊಳಗೇ ತಾಪ ಅಳೆಯುವ ವ್ಯವಸ್ಥೆ ಇದೆ. ತಾಪ 90 ದಾಟಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂತೆಂದರೆ ಅದು ತಾನಾಗಿ ತನ್ನ ಮಿಡಿತವನ್ನು ತಗ್ಗಿಸಿಕೊಳ್ಳುತ್ತದೆ. 300 ಕೋಟಿ ಮಿಡಿತದ ಚಿಪ್ಪು 100 ಕೋಟಿಗೆ ಇಳಿಯಬಹುದು. ನಮ್ಮ ಕಣ್ಣಿಗೆ ಕಾಣುವುದು ಇಷ್ಟೇ: ಬೆಳಿಗ್ಗೆ ಆನ್ ಮಾಡಿದ ಹತ್ತು ನಿಮಿಷ ಚುರುಕು, ಆಮೇಲೆ ಫ್ಯಾನಿನ ಬೊಬ್ಬೆ, ಕೆಲಸ ಮಾತ್ರ ತೆವಳುವುದು. ಈ ಲಕ್ಷಣ ಕಂಡರೆ ಫಾರ್ಮ್ಯಾಟ್ ಮಾಡಿಸಿ ಏನೂ ಆಗದು, ಧೂಳು ಹೊಡೆಸಬೇಕು.

ನಮ್ಮ ಮನೆಗಳಲ್ಲಿ ಧೂಳಿಗೆ ಕೊರತೆಯಿಲ್ಲ. ಡಾಂಬರು ಕಾಣದ ರಸ್ತೆಯ ಪಕ್ಕದ ಮನೆಗಳಿಗೆ ಕೆಂಧೂಳು ಬರುತ್ತದೆ. ಅಡುಗೆಮನೆಗೆ ಹತ್ತಿರದ ಕೋಣೆಯಾದರೆ ಒಗ್ಗರಣೆಯ ಎಣ್ಣೆ ಹಬೆ ಧೂಳಿನ ಜೊತೆ ಸೇರಿ ಜಿಡ್ಡಾಗಿ ರೆಕ್ಕೆಗಳಿಗೆ ಅಂಟುತ್ತದೆ, ಅದನ್ನು ಬರೀ ಗಾಳಿ ಹೊಡೆದು ತೆಗೆಯಲಾಗದು. ನಾವೆಲ್ಲ ಸಿಪಿಯು ಎಂದೇ ಕರೆಯುವ ಆ ಡಬ್ಬವನ್ನು ನೆಲದ ಮೇಲಿಟ್ಟರೆ ಕಸ ಗುಡಿಸುವಾಗಲೆಲ್ಲ ಅದು ಧೂಳು ಹೀರುತ್ತದೆ. ಒಂದು ಮಣೆಯ ಮೇಲಾದರೂ ಇಡಿ, ಗೋಡೆಗೂ ಅದರ ಬೆನ್ನಿಗೂ ಒಂದು ಗೇಣು ಅಂತರ ಬಿಡಿ. ಬಟ್ಟೆಯ ಹೊದಿಕೆ ಹಾಕುವ ಅಭ್ಯಾಸ ಒಳ್ಳೆಯದೇ, ಆದರೆ ಆಫ್ ಮಾಡಿ ತಣ್ಣಗಾದ ಮೇಲೆ ಹಾಕಬೇಕು, ಆನ್ ಮಾಡುವ ಮುಂಚೆ ತೆಗೆಯಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಗಾಳಿ ಒಳಹೋಗುವ ಕಿಂಡಿಗಳು ಸಾಮಾನ್ಯವಾಗಿ ಅಡಿಯಲ್ಲಿರುತ್ತವೆ. ಹಾಸಿಗೆಯ ಮೇಲಿಟ್ಟು ಸಿನಿಮಾ ನೋಡಿದರೆ ಹತ್ತಿ ಆ ಕಿಂಡಿಗಳನ್ನು ಮುಚ್ಚುತ್ತದೆ. ಅಡಿಯಲ್ಲಿ ಗಟ್ಟಿ ಹಲಗೆಯೋ ದೊಡ್ಡ ತಟ್ಟೆಯೋ ಇದ್ದರೆ ಸಾಕು.

ಡೆಸ್ಕ್‌ಟಾಪ್ ಡಬ್ಬವನ್ನು ವರ್ಷಕ್ಕೊಮ್ಮೆ ಮನೆಯಲ್ಲೇ ತೆರೆದು ಸ್ವಚ್ಛಮಾಡುವುದು ಕಷ್ಟದ ಕೆಲಸವಲ್ಲ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಹಿಡಿದರೆ ಒಳಗೆ ಉಳಿದ ಚೂರುಪಾರು ವಿದ್ಯುತ್ತು ಖಾಲಿಯಾಗುತ್ತದೆ. ಪಕ್ಕದ ಮುಚ್ಚಳ ತೆಗೆದ ಮೇಲೆ ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ನಮ್ಮ ಮೈಯಲ್ಲಿ ಕೂಡಿಕೊಂಡ ಸ್ಥಿರ ವಿದ್ಯುತ್ತು ಹೀಗೆ ಇಳಿಯಬೇಕು. ಸುಮಾರು 3000 ವೋಲ್ಟ್ ಆಗುವ ತನಕ ಅದು ನಮಗೆ ‘ಚುರ್’ ಎಂದು ಗೊತ್ತಾಗುವುದೇ ಇಲ್ಲ, ಚಿಪ್ಪುಗಳು ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟಿಗೇ ಕೆಡುತ್ತವೆ. ಒಣ ಹವೆಯ ಚಳಿಗಾಲದಲ್ಲಿ ಈ ಎಚ್ಚರ ಹೆಚ್ಚು ಬೇಕು. ಮೃದುವಾದ ಒಣ ಬ್ರಷ್ಷಿನಿಂದ ಧೂಳು ಸಡಿಲಿಸಿ ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗಿ ಬೇರಿಂಗು ಸವೆಯುತ್ತದೆ. ಒಂದು ಭಾಗವನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಅದು ಎಸ್‌ಎಂಪಿಎಸ್, ಅಂದರೆ ವೈರು ಬಂದು ಸೇರುವ ಪವರ್ ಸಪ್ಲೈ ಪೆಟ್ಟಿಗೆ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ತು ಸ್ವಲ್ಪ ಕಾಲ ಕೂತಿರಬಹುದು. ಲ್ಯಾಪ್‌ಟಾಪ್ ಬಿಚ್ಚುವುದು, ಪೇಸ್ಟ್ ಬದಲಿಸುವುದು ಅನುಭವ ಇರುವವರ ಕೆಲಸ. ಆದರೆ ಅಂಗಡಿಯಲ್ಲಿ ಏನು ಮಾಡಿಸಬೇಕೆಂದು ಕೇಳಿ ಮಾಡಿಸುವುದು ನಮ್ಮ ಕೈಯಲ್ಲಿದೆ.

ಬಿಸಿಯ ನಂತರದ ದೊಡ್ಡ ಕಾಯುವಿಕೆ ಡಿಸ್ಕಿನದು. ಹಳೆಯ ಕಂಪ್ಯೂಟರಿನಲ್ಲಿರುವ ಹಾರ್ಡ್ ಡಿಸ್ಕ್ 1956ರ ಐಬಿಎಂ ರಾಮ್ಯಾಕ್‌ನ ವಂಶದ್ದು. ರಾಮ್ಯಾಕ್‌ನ ಡಿಸ್ಕ್ ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಡಿಸ್ಕು ಅಂಗೈಯಷ್ಟಾಗಿದೆ, ಲಕ್ಷಗಟ್ಟಲೆ ಪಾಲು ಹೆಚ್ಚು ಹಿಡಿಸುತ್ತದೆ, ಆದರೆ ತತ್ತ್ವ ಅದೇ: ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡುವ ಓದುಮುಳ್ಳು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8 ಮಿಲಿಸೆಕೆಂಡಿಗೂ ತುಸು ಹೆಚ್ಚು. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಸರಿಯಾದ ಗೆರೆಗೆ ಸರಿಯಲು ಇನ್ನೊಂದಿಷ್ಟು. ಒಟ್ಟು 12 ಮಿಲಿಸೆಕೆಂಡು ಎಂದಿಟ್ಟುಕೊಂಡರೆ ಸೆಕೆಂಡಿಗೆ 80 ಬಾರಿಯಷ್ಟೇ ಅದು ಬೇರೆ ಬೇರೆ ಜಾಗದಿಂದ ಮಾಹಿತಿ ಎತ್ತಿಕೊಡಬಲ್ಲದು. ವಿಂಡೋಸ್ ಎದ್ದು ನಿಲ್ಲಲು ಸಾವಿರಾರು ಚಿಕ್ಕ ಚಿಕ್ಕ ಕಡತಗಳನ್ನು ಓದಬೇಕು. ನಿಮ್ಮ ಕಾಫಿ ಆರುವ ತನಕ ನಡೆಯುತ್ತಿದ್ದದ್ದು ಇದೇ ಓಡಾಟ.

ಹಾರ್ಡ್ ಡಿಸ್ಕಿನ ಜಾಗದಲ್ಲಿ ಈಗ ಬಳಸುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಇದರ ಜೀವ. ಎಲೆಕ್ಟ್ರಾನುಗಳನ್ನು ನಿರೋಧಕ ಗೋಡೆಗಳ ನಡುವೆ ಕೂಡಿಹಾಕಿ ಮಾಹಿತಿ ಉಳಿಸುವ ವಿಧಾನ ಅದು. ಸೆಕೆಂಡಿಗೆ 80ರ ಜಾಗದಲ್ಲಿ ಹತ್ತಾರು ಸಾವಿರ ಓದುಗಳು ಸಾಧ್ಯ. ಹಳೆಯ ಯಂತ್ರಕ್ಕೆ ಹಣ ಹಾಕುವುದಿದ್ದರೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ: ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿಸಿ. ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪ್‌ಗೂ ಅದು ಹೊಂದುತ್ತದೆ. ಕೆಲವು ಸಾವಿರ ರೂಪಾಯಿಯ ಈ ಒಂದು ಬದಲಾವಣೆ ಮಾಡುವಷ್ಟು ವ್ಯತ್ಯಾಸವನ್ನು ಬೇರೆ ಯಾವ ಭಾಗವೂ ಮಾಡದು.

ಎರಡು ಬಗೆಯ ಡಿಸ್ಕುಗಳಿಗೂ ಆರೈಕೆ ಬೇರೆ ಬೇರೆ. ಹಾರ್ಡ್ ಡಿಸ್ಕಿನಲ್ಲಿ ಒಂದು ಕಡತದ ತುಂಡುಗಳು ದಿನ ಕಳೆದಂತೆ ಅಲ್ಲಲ್ಲಿ ಚದುರುತ್ತವೆ. ಅವನ್ನು ಒಂದೆಡೆ ಸೇರಿಸುವ ಡಿಫ್ರ್ಯಾಗ್‌ನಿಂದ ಮುಳ್ಳಿನ ಓಡಾಟ ತಗ್ಗುತ್ತದೆ. ಎಸ್‌ಎಸ್‌ಡಿಗೆ ಡಿಫ್ರ್ಯಾಗ್ ಮಾಡುವ ತಂತ್ರಾಂಶಗಳನ್ನು ಹಾಕಿಕೊಳ್ಳಬಾರದು. ಅಲ್ಲಿ ಚದುರಿದ್ದರೂ ಓದಲು ತಡವಾಗುವುದಿಲ್ಲ, ಬದಲಾಗಿ ಪ್ರತಿ ಬರಹದಿಂದಲೂ ಕೋಶಗಳು ಒಂದಿಷ್ಟು ಸವೆಯುತ್ತವೆ. ಫ್ಲ್ಯಾಶ್‌ನಲ್ಲಿ ಪುಟ ಪುಟವಾಗಿ ಬರೆಯಬಹುದು, ಅಳಿಸುವುದು ಮಾತ್ರ ನೂರಾರು ಪುಟಗಳ ಕಂತೆಯಾಗಿ. ಆದ್ದರಿಂದ ಖಾಲಿ ಜಾಗ ಕಡಿಮೆಯಾದಷ್ಟೂ ಇದ್ದದ್ದನ್ನು ಅತ್ತಿತ್ತ ಸರಿಸುವ ಕೆಲಸ ಹೆಚ್ಚುತ್ತದೆ. ಹತ್ತರಲ್ಲಿ ಒಂದೆರಡು ಪಾಲು ಜಾಗವನ್ನು ಸದಾ ಖಾಲಿ ಬಿಟ್ಟಿರಿ. ಉಳಿದದ್ದನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ, ಯಾವ ಡಿಸ್ಕಿಗೆ ಯಾವ ಉಪಚಾರ ಎಂಬುದು ಅದಕ್ಕೆ ಗೊತ್ತಿದೆ. ಜಾಗ ತೆರವು ಮಾಡಲು ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗಕ್ಕೆ ಹೋದರೆ ಯಾವುದು ಎಷ್ಟು ತುಂಬಿದೆ ಎಂದು ಕಾಣುತ್ತದೆ. ಬಹುಪಾಲು ಮನೆಗಳಲ್ಲಿ ದೊಡ್ಡ ಹೊರೆ ಇರುವುದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ.

ಅಳಿಸುವುದರ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಹಾರ್ಡ್ ಡಿಸ್ಕಿನಲ್ಲಿ ಕಡತ ಅಳಿಸಿದಾಗ, ಮರುಬಳಕೆ ಬುಟ್ಟಿಯನ್ನೂ ಖಾಲಿ ಮಾಡಿದಾಗ, ಹೋಗುವುದು ಆ ಕಡತ ಎಲ್ಲಿದೆ ಎಂಬ ಗುರುತು ಮಾತ್ರ. ಮಾಹಿತಿ ಅಲ್ಲೇ ಇರುತ್ತದೆ, ಅದರ ಮೇಲೆ ಬೇರೇನಾದರೂ ಬರೆಯುವ ತನಕ. ಮದುವೆಯ ಫೋಟೋ ತಪ್ಪಿ ಅಳಿಸಿತೆಂದರೆ ಆ ಕ್ಷಣವೇ ಕಂಪ್ಯೂಟರ್ ಬಳಕೆ ನಿಲ್ಲಿಸಿ ಬಲ್ಲವರಲ್ಲಿಗೆ ಒಯ್ಯಿರಿ, ಮರಳಿ ಪಡೆಯುವ ಸಾಧ್ಯತೆ ಚೆನ್ನಾಗಿದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಬೇಗನೆ ತೊಳೆದಿಡಲಾಗುತ್ತದೆ, ಆ ಆಸೆ ಕಡಿಮೆ. ಇದರ ಇನ್ನೊಂದು ಮುಖವೂ ಇದೆ: ಬ್ಯಾಂಕಿನ ಕಾಗದ, ಆಧಾರ್ ಪ್ರತಿ ಎಲ್ಲ ಅಳಿಸಿದ್ದೇನೆ ಎಂದುಕೊಂಡು ಹಳೆಯ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಿದರೆ ಅವೆಲ್ಲ ಅದರೊಳಗೇ ಹೋಗುತ್ತವೆ. ಮಾರುವ ಮುನ್ನ ಪೂರ್ತಿ ಡಿಸ್ಕಿನ ಮೇಲೆ ಬರೆದು ಅಳಿಸುವ ತಂತ್ರಾಂಶ ಓಡಿಸಬೇಕು, ಕೆಟ್ಟ ಡಿಸ್ಕಾದರೆ ಒಡೆದೇ ಹಾಕಬೇಕು.

ಮೂರನೆಯದು ಮೆಮೊರಿ, ಅಂದರೆ ರ‍್ಯಾಮ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕಂಪ್ಯೂಟರ್ ಏನನ್ನು ಕಾಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಿಟಕಿ ಇಲ್ಲ. ಸಿಪಿಯು (ಇಲ್ಲಿ ಪ್ರೊಸೆಸರ್ ಎಂದರ್ಥ), ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳಲ್ಲಿ ಯಾವುದು 90 ದಾಟಿದೆಯೋ ರೋಗ ಅಲ್ಲಿದೆ. ಮೆಮೊರಿ ತುಂಬಿದಾಗ ಯಂತ್ರ ಕೈಚೆಲ್ಲುವುದಿಲ್ಲ, ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಗಣಕ 1962ರಲ್ಲೇ ಈ ಉಪಾಯ ಬಳಸಿತ್ತು. ಅಡುಗೆಕಟ್ಟೆ ಸಾಲದೆ ಪಾತ್ರೆಗಳನ್ನು ಅಟ್ಟಕ್ಕೇರಿಸಿ, ಬೇಕಾದಾಗೆಲ್ಲ ಏಣಿ ಹಾಕಿ ಇಳಿಸಿಕೊಳ್ಳುವಂಥ ವ್ಯವಸ್ಥೆ ಇದು. ಒಂದೆರಡು ಪಾತ್ರೆಯಾದರೆ ನಡೆಯುತ್ತದೆ, ಪ್ರತಿ ಸೌಟಿಗೂ ಏಣಿ ಹತ್ತಬೇಕಾದರೆ ಅಡುಗೆಯೇ ಸಾಗದು. 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬುಗಳನ್ನು ತೆರೆದಿಟ್ಟಾಗ ಆಗುವುದು ಇದೇ. 8 ಜಿಬಿಗೆ ಏರಿಸಬಹುದಾದರೆ ಏರಿಸಿ. ಆಗದಿದ್ದರೆ ಟ್ಯಾಬು ಮುಚ್ಚುವ ಅಭ್ಯಾಸವೇ ದಾರಿ.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟ್‌ಅಪ್ ಆ್ಯಪ್ಸ್ ಎಂಬ ವಿಭಾಗ ಇದೆ. ಕಂಪ್ಯೂಟರ್ ಏಳುವಾಗ ಜೊತೆಗೆ ಏಳುವವರ ಪಟ್ಟಿ ಅದು. ಎಂದೋ ಒಮ್ಮೆ ಬಳಸಿದ ಪ್ರಿಂಟರಿನ ಸಹಾಯಕ, ಮೀಟಿಂಗ್ ಆ್ಯಪು, ಆಟದ ಅಂಗಡಿ ಎಲ್ಲ ಅಲ್ಲಿ ಸೇರಿಕೊಂಡಿರುತ್ತವೆ. ಡಿಸೇಬಲ್ ಮಾಡಿದರೆ ಅವು ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ. ಆ್ಯಂಟಿವೈರಸ್ ಒಂದನ್ನು ಬಿಟ್ಟು ಉಳಿದವನ್ನು ಧೈರ್ಯವಾಗಿ ನಿಲ್ಲಿಸಬಹುದು. ಎರಡೆರಡು ಆ್ಯಂಟಿವೈರಸ್ ಬೇಡ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ. ಮನೆಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ‘ಪಿಸಿ ಬೂಸ್ಟರ್’, ‘ರಿಜಿಸ್ಟ್ರಿ ಕ್ಲೀನರ್’ ಎಂದು ಜಾಹೀರಾತು ಬರುವ ತಂತ್ರಾಂಶಗಳಿಂದ ವೇಗ ಹೆಚ್ಚಿದ್ದನ್ನು ನಾನು ಕಂಡಿಲ್ಲ. ಅವೂ ಸ್ಟಾರ್ಟ್‌ಅಪ್ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುತ್ತವೆ.

‘ದಿನಾ ರಾತ್ರಿ ಆಫ್ ಮಾಡ್ತೀವಿ, ಆದ್ರೂ ಹ್ಯಾಂಗ್ ಆಗುತ್ತೆ’ ಎನ್ನುವವರು ಬಹಳ ಮಂದಿ. ಅವರೆಲ್ಲ ತಿಳಿಯಬೇಕಾದ ಸಂಗತಿಯೊಂದಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಶಟ್ ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ಬೇಗ ಏಳಲಿ ಎಂಬ ಉದ್ದೇಶದಿಂದ ವಿಂಡೋಸ್ ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಓದಿಕೊಂಡು ಏಳುತ್ತದೆ. ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಈ ಏರ್ಪಾಡಿನಿಂದಾಗಿ ನಿನ್ನೆ ಸಿಕ್ಕಿಕೊಂಡಿದ್ದ ಡ್ರೈವರು ಇಂದೂ ಹಾಗೆಯೇ ಸಿಕ್ಕಿಕೊಂಡಿರುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ. ಅನುಮಾನವಿದ್ದರೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿ, ‘ಅಪ್ ಟೈಮ್’ ನೋಡಿ. ಪ್ರತಿ ರಾತ್ರಿ ಶಟ್ ಡೌನ್ ಮಾಡಿದ ಕಂಪ್ಯೂಟರಿನಲ್ಲೂ ಅದು ವಾರಗಟ್ಟಲೆ ಎಣಿಸುತ್ತಾ ಬಂದಿರಬಹುದು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ವೈಫೈ ಸಿಗುತ್ತಿಲ್ಲ, ಪ್ರಿಂಟರ್ ಕಾಣುತ್ತಿಲ್ಲ, ಧ್ವನಿ ಬರುತ್ತಿಲ್ಲ ಎಂಬ ದೂರುಗಳಲ್ಲಿ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ.

ಕರೆಂಟಿನ ವಿಚಾರಕ್ಕೆ ಬರೋಣ. ಡೆಸ್ಕ್‌ಟಾಪ್ ಇರುವ ಮನೆಗೆ ಯುಪಿಎಸ್ ಬೇಕೇ ಬೇಕು. ಕರೆಂಟು ಹಠಾತ್ತನೆ ಹೋದರೆ ಡಿಸ್ಕಿನ ವ್ಯವಸ್ಥೆ ಇಂದಿನ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ನೀವು ಉಳಿಸದ ಬರಹ ಉಳಿಯದು. ಯುಪಿಎಸ್ ಒಳಗಿನ ಸೀಸದ ಬ್ಯಾಟರಿ ಮೂರು ವರ್ಷದ ಹೊತ್ತಿಗೆ ಸೊರಗುತ್ತದೆ, ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು. ಲೇಸರ್ ಪ್ರಿಂಟರನ್ನು ಅದಕ್ಕೆ ಸೇರಿಸಬೇಡಿ. ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಅದರ ಹೀಟರು ಚಿಕ್ಕ ಯುಪಿಎಸ್ ತಾಳಲಾರದಷ್ಟು ವಿದ್ಯುತ್ತು ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಇಂಟರ್‌ನೆಟ್ಟಿನ ತಾಮ್ರದ ಕೇಬಲ್ಲನ್ನೂ ಕೀಳಬೇಕು ಎಂಬುದನ್ನು ಮರೆಯುತ್ತೇವೆ. ಸಿಡಿಲಿನ ಆಘಾತ ಆ ದಾರಿಯಿಂದಲೂ ಬರುತ್ತದೆ.

ಡಬ್ಬವನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಕಂಪ್ಯೂಟರ್ ಕೆಟ್ಟಿದೆ ಎಂದು ಹೆದರಿ ಅಂಗಡಿಗೆ ಹೊರುವವರಿದ್ದಾರೆ. ಪವರ್ ಸಪ್ಲೈನಲ್ಲಿ ವಿದ್ಯುತ್ತಿನ ಗದ್ದಲವನ್ನು ಸೋಸಲು ಎರಡು ಸಣ್ಣ ಕೆಪಾಸಿಟರ್‌ಗಳಿದ್ದು, ಅವು ಡಬ್ಬದ ಲೋಹಕ್ಕೂ, ಅಲ್ಲಿಂದ ಅರ್ತಿಂಗಿಗೂ ಸೇರಿರುತ್ತವೆ. ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ಡಬ್ಬದ ಮೇಲೆ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ಅತಿ ಸ್ವಲ್ಪವಾದ್ದರಿಂದ ಜುಮ್ಮೆನ್ನುವುದಷ್ಟೇ. ಆದರೆ ಅದು ಮನೆಯ ವೈರಿಂಗಿನಲ್ಲಿ ಅರ್ತಿಂಗ್ ಇಲ್ಲವೆಂಬುದರ ಸೂಚನೆ. ಇಸ್ತ್ರಿಪೆಟ್ಟಿಗೆ, ಗೀಸರುಗಳಿಗೂ ಅದೇ ವೈರಿಂಗ್ ಎಂಬುದನ್ನು ನೆನೆದು ತಡಮಾಡದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನೊಂದು ರೋಗ ನೋಡಲು ದೊಡ್ಡದು, ಮದ್ದು ನೂರು ರೂಪಾಯಿಗೂ ಕಡಿಮೆ. ಕಂಪ್ಯೂಟರ್ ಆನ್ ಆಗುತ್ತದೆ, ಇಂಟರ್‌ನೆಟ್ ಇದೆ, ಆದರೆ ಬ್ಯಾಂಕಿನ ತಾಣವೂ ಮೇಲ್ ತಾಣವೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತೆರೆಯಲು ಒಪ್ಪವು. ತೆರೆಯ ಮೂಲೆಯಲ್ಲಿ ದಿನಾಂಕ ನೋಡಿ, ಹಲವು ವರ್ಷ ಹಿಂದಿನದಿರುತ್ತದೆ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಇದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳೊಂದರ ಲೆಕ್ಕವನ್ನು ಹದಿನೈದು ಬಾರಿ ಅರ್ಧ ಮಾಡುತ್ತಾ ಬಂದರೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಸೆಲ್ ಮುಗಿದರೆ ಗಡಿಯಾರ ತಪ್ಪುತ್ತದೆ. ತಾಣಗಳ ಸುರಕ್ಷತಾ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಪ್ಪು ದಿನಾಂಕದ ಕಂಪ್ಯೂಟರ್ ಅವನ್ನು ನಂಬುವುದಿಲ್ಲ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿ, ಅಷ್ಟೇ.

ಅಪ್‌ಡೇಟುಗಳನ್ನು ಕಿರಿಕಿರಿ ಎಂದು ಮುಂದೂಡುವವರಿಗೆ 2017ರ ಒಂದು ಘಟನೆ ಸಾಕು. ಆ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಬಿಡುಗಡೆ ಮಾಡಿತು. ಮೇ 12ರಂದು ಅದೇ ದೋಷವನ್ನು ಹಿಡಿದು ವಾನಾಕ್ರೈ ಎಂಬ ಕುತಂತ್ರಾಂಶ ಹರಡಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ರದ್ದಾದವು. ಎರಡು ತಿಂಗಳ ಹಿಂದೆ ಬಂದಿದ್ದ ತೇಪೆಯನ್ನು ಹಾಕಿಕೊಂಡಿದ್ದವರು ಪಾರಾದರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಆದರೆ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ ನೋಡಿ. ಎರಡೂ ಉಚಿತ, ಎರಡರಲ್ಲೂ ಕನ್ನಡ ಬರೆಯಬಹುದು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಪರದೆ ತುಂಬ ಬರುವ ಎಚ್ಚರಿಕೆ ಮಾತ್ರ ಯಾವ ಯಂತ್ರದಲ್ಲಿ ಬಂದರೂ ಮೋಸವೇ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ಯಂತ್ರ ಸರಿಯಿದ್ದೂ ಬಳಸುವವರಿಗೆ ಒಗ್ಗದಿದ್ದರೆ ಏನು ಫಲ? ಅಜ್ಜ ಅಜ್ಜಿಯರು ಪರದೆಗೆ ಮೂಗು ತಾಗಿಸಿ ಓದುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಪರಿಹಾರ ಎರಡು ಕೀಲಿಗಳಷ್ಟು ದೂರದಲ್ಲಿದೆ. ಬ್ರೌಸರಿನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಎಲ್ಲ ಕಡೆಯೂ ದೊಡ್ಡದು ಬೇಕಾದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಅಕ್ಷರದ ಗಾತ್ರವನ್ನೂ ಮೌಸಿನ ಬಾಣದ ಗಾತ್ರವನ್ನೂ ಹೆಚ್ಚಿಸಿಕೊಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ದೂರ ಒಂದು ಚಾಚಿದ ತೋಳಿನಷ್ಟಿರಲಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ಕಂಟ್ರೋಲ್ ಜೊತೆಗೆ ಝಡ್, ಎಕ್ಸ್, ಸಿ, ವಿ ಎಂಬ ಅಕ್ಕಪಕ್ಕದ ನಾಲ್ಕು ಕೀಲಿಗಳನ್ನು ಕಲಿಸಿದರೆ ತಪ್ಪು ಹಿಂದೆಗೆಯುವುದು, ಕತ್ತರಿಸುವುದು, ನಕಲಿಸುವುದು, ಅಂಟಿಸುವುದು ಬಂದಂತೆ. ಕತ್ತರಿಸಿ ಅಂಟಿಸುವ ಈ ಸರಳ ಕ್ರಮವನ್ನು 1970ರ ದಶಕದಲ್ಲಿ ಝೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯದಲ್ಲಿ ರೂಪಿಸಿದವರಲ್ಲಿ ಲ್ಯಾರಿ ಟೆಸ್ಲರ್ ಮುಖ್ಯರು. ಸಾಮಾನ್ಯ ಜನರಿಗೆ ಯಂತ್ರ ಸುಲಭವಾಗಬೇಕೆಂಬುದು ಅವರ ಜೀವನದ ಉದ್ದಕ್ಕೂ ಇದ್ದ ಹಟ.

ಕನ್ನಡದ ಮನೆಗೆ ಸುಲಭವಾಗುವುದೆಂದರೆ ಕನ್ನಡದಲ್ಲಿ ಬರೆಯಲು ಬರುವುದು. ಇದಕ್ಕೆ ಈಗ ಬೇರೆ ತಂತ್ರಾಂಶವೂ ಅಗತ್ಯವಿಲ್ಲ. ವಿಂಡೋಸ್‌ನ ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಬಹುದು. ಇನ್‌ಸ್ಕ್ರಿಪ್ಟ್ ಜೊತೆಗೆ, ಉಚ್ಚಾರಣೆಯಂತೆ ಒತ್ತುವ ಫೊನೆಟಿಕ್ ವಿನ್ಯಾಸವೂ 2019ರಿಂದ ವಿಂಡೋಸ್‌ನಲ್ಲೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ ಕೈ ಒಗ್ಗಿದ್ದರೆ ಅದನ್ನೇ ಮುಂದುವರಿಸಿ. ಒಂದು ಷರತ್ತು ಮಾತ್ರ ಇದೆ: ಬರೆಯುವುದು ಯೂನಿಕೋಡ್‌ನಲ್ಲಿರಲಿ.

ಕಾರಣ ಇದು. ಹಿಂದಿನ ನುಡಿ, ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಕಡತದ ಒಳಗೆ ಇರುವುದು ಇಂಗ್ಲಿಷ್ ಸಂಕೇತ, ಕನ್ನಡ ಕಾಣುವುದು ಫಾಂಟು ಇದ್ದರೆ ಮಾತ್ರ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. 1991ರಿಂದ ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಿಭಾಗವಿದೆ, ಅಲ್ಲಿ ‘ಕ’ ಎಂಬುದು ಯಾವ ಯಂತ್ರದಲ್ಲಿ ತೆರೆದರೂ ‘ಕ’. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ನುಡಿ, ಬರಹಗಳಲ್ಲೇ ಇವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಹಳೆಯ ಫಾಂಟಿನಲ್ಲಿ ‘ಸೂರ್ಯ’ ಎಂಬಲ್ಲಿ ಯಕಾರ ಮೊದಲು, ಅರ್ಕಾವತ್ತು ಆಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರವೇ ಮೊದಲು ಬರಬೇಕು. ಹಿಂದುಮುಂದಾಗುವ ಸಂಭವ ಅಲ್ಲಿ ಹೆಚ್ಚು.

ಕೊನೆಗೆ ಪ್ರತಿ ಮಾಡಿಡುವ ಕೆಲಸ. ಪ್ರೊಸೆಸರಿಗೆ ಮುಪ್ಪಿಲ್ಲ ಎಂದೆ, ಡಿಸ್ಕಿಗೆ ಮಾತ್ರ ಸಾವು ಖಂಡಿತ. ಹಾರ್ಡ್ ಡಿಸ್ಕ್ ‘ಟಕ್ ಟಕ್’ ಎನ್ನತೊಡಗಿದರೆ ಬೇರೆಲ್ಲ ಬಿಟ್ಟು ಮುಖ್ಯ ಕಡತಗಳನ್ನು ಹೊರಗೆ ತೆಗೆಯಬೇಕು. ಎಸ್‌ಎಸ್‌ಡಿಗೆ ಅಷ್ಟು ಸುಳಿವು ಕೊಡುವ ಅಭ್ಯಾಸವೂ ಇಲ್ಲ, ಒಂದು ದಿನ ಸುಮ್ಮನೆ ಕಾಣದಾಗುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮ ಮನೆಗೂ ಸರಿಹೊಂದುತ್ತದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮೂರನೆಯದು ಕ್ಲೌಡ್‌ನಲ್ಲಿ ಅಥವಾ ಬೇರೆ ಊರಿನ ನೆಂಟರ ಮನೆಯಲ್ಲಿ. ಪ್ರತಿ ಮಾಡಿದ ಕೂಡಲೇ ಹೊರಗಿನ ಡಿಸ್ಕನ್ನು ಕಳಚಿಡಿ. ಸೇರಿಸಿಯೇ ಇಟ್ಟರೆ ವಾನಾಕ್ರೈನಂಥದ್ದು ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಕಾಪಿಡುವ ಜಾಗವೆಂದು ನಂಬಬೇಡಿ, ಕೂಡಿಹಾಕಿದ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ, ಸೆಕೆಗೆ ಇನ್ನೂ ಬೇಗ. ಮಾಡಿದ ಪ್ರತಿಯಿಂದ ಒಂದೆರಡು ಕಡತ ತೆರೆದು ನೋಡುವುದನ್ನೂ ಬಿಡಬೇಡಿ.

ಈ ಅಧ್ಯಾಯದಲ್ಲಿ ಹೇಳಿದ ಉಳಿದೆಲ್ಲವನ್ನೂ ಮುಂದಿನ ತಿಂಗಳಿಗೆ ಬಿಡಬಹುದು, ಧೂಳು ಇನ್ನೊಂದು ವಾರ ಕಾದರೂ ನಷ್ಟವಿಲ್ಲ. ಇದೊಂದನ್ನು ಇಂದೇ ಮಾಡಿ. ಮನೆಯ ಫೋಟೋಗಳು, ಆಸ್ತಿಯ ಕಾಗದಗಳ ಸ್ಕ್ಯಾನ್, ಅಪ್ಪನೋ ಅಮ್ಮನೋ ನುಡಿಯಲ್ಲಿ ಬರೆದಿಟ್ಟ ನೆನಪುಗಳು ಎಲ್ಲಿವೆ ಎಂದು ಹುಡುಕಿ, ಕನ್ನಡದ ಬರಹಗಳನ್ನು ಯೂನಿಕೋಡಿಗೆ ಬದಲಿಸಿ, ರಾತ್ರಿ ಮಲಗುವ ಮುನ್ನ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡಿ.